ರಾಣಿ ಮುಂದೆ, ಎಕ್ಕ ಹಿಂದೆ

ನಮ್ಮ ಪತ್ರಿಕೆಗಳಲ್ಲಿ ‘ಇಸ್ಪೀಟು’ ಅನ್ನೋ ಪದ ಒಂಟಿಯಾಗಿ ಬರೋದು ಕಡಿಮೆ. ಹಿಂದೆ ಮುಂದೆ ‘ಅಡ್ಡೆ’, ‘ದಾಳಿ’, ‘ನಗದು ವಶ’ ಇದ್ದೇ ಇರುತ್ತವೆ. ಹಾಗಾಗಿ ಇಸ್ಪೀಟಿನ ಚರಿತ್ರೆ ಬರೀತೀನಿ ಅಂದಾಗ ಮನೇಲಿ ನನ್ನನ್ನ ಒಂಥರಾ ನೋಡಿದರು. ಆದರೆ ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥ ಇದೆ ನೋಡಿ. 52 ಎಲೆಗಳ ಇಡೀ ಕಟ್ಟಿಗೂ ಇಸ್ಪೀಟು ಅಂತೀವಿ, ಆಟೀನು, ಡೈಮಂಡು, ಕಳಾವರದ ಪಕ್ಕದಲ್ಲಿ ಬರುವ ಆ ಕಪ್ಪು ಜಾತಿಗೂ ಇಸ್ಪೀಟು ಅಂತಲೇ ಹೆಸರು. ಅಮೆರಿಕದಲ್ಲಿ ಆ ಒಂದು ಜಾತಿಯ ಹೆಸರನ್ನೇ ಇಟ್ಟುಕೊಂಡ ಆಟವೊಂದಿದೆ: ಸ್ಪೇಡ್ಸ್. ದುಡ್ಡು ಕಟ್ಟದೆಯೂ ರಾತ್ರಿಯಿಡೀ ಆಡಬಹುದಾದ ಆಟ. ಅದರೊಳಗಿನ ಒಂದೇ ಒಂದು ನಡೆಯ ಬಗ್ಗೆ ನಾನು ಇಲ್ಲಿ ಹೇಳಬೇಕಿರೋದು. ಅದರ ಹೆಸರು ಫಿನೆಸ್. ವಯಸ್ಸು ಸ್ಪೇಡ್ಸ್‌ಗಿಂತ ಸುಮಾರು ಇನ್ನೂರು ವರ್ಷ ಹೆಚ್ಚು.

ಆಟ ಗೊತ್ತಿಲ್ಲದವರಿಗೆ ಎರಡು ನಿಮಿಷದಲ್ಲಿ ಹೇಳಿಬಿಡ್ತೀನಿ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ತಲೆಗೆ 13 ಎಲೆ. ಒಬ್ಬರು ಒಂದು ಎಲೆ ಇಳಿಸುತ್ತಾರೆ, ಉಳಿದವರು ಅದೇ ಜಾತಿಯ ಎಲೆ ಹಾಕಬೇಕು, ಎಲ್ಲರಿಗಿಂತ ದೊಡ್ಡದು ಹಾಕಿದವರಿಗೆ ಆ ನಾಲ್ಕೂ ಎಲೆ. ಇದೇ ಒಂದು ಟ್ರಿಕ್. ಇಳಿದ ಜಾತಿ ಕೈಯಲ್ಲಿ ಇಲ್ಲ ಅಂದ್ರೆ ಇಸ್ಪೀಟು ಹಾಕಿ ಕಟ್ ಮಾಡಬಹುದು, ಯಾಕಂದ್ರೆ ಇಲ್ಲಿ ತುರುಪು ಯಾವಾಗಲೂ ಇಸ್ಪೀಟೇ. ಆಟ ಶುರುವಾಗೋ ಮೊದಲು ‘ನಾನು ಇಷ್ಟು ಟ್ರಿಕ್ ಎತ್ತುತ್ತೀನಿ’ ಅಂತ ಪ್ರತಿಯೊಬ್ಬರೂ ಹೇಳಬೇಕು. ಅದು ಬಿಡ್. ಜೋಡಿಯ ಎರಡೂ ಬಿಡ್ ಕೂಡಿಸಿ, ಅಷ್ಟು ಟ್ರಿಕ್ ಬಂದರೆ ಒಂದೊಂದಕ್ಕೆ 10 ಅಂಕ. ಬರಲಿಲ್ಲ ಅಂದ್ರೆ ಅಷ್ಟೇ ಅಂಕ ಕಳೀತಾರೆ. ಹೇಳಿದ್ದಕ್ಕಿಂತ ಜಾಸ್ತಿ ಎತ್ತಿದರೆ ಟ್ರಿಕ್ಕಿಗೆ ಒಂದೇ ಅಂಕ, ಜೊತೆಗೆ ಲೆಕ್ಕಕ್ಕೆ ಒಂದು ‘ಬ್ಯಾಗ್’. ಹತ್ತು ಬ್ಯಾಗ್ ತುಂಬಿದರೆ 100 ಅಂಕ ಕಟ್. ಸಾಮಾನ್ಯವಾಗಿ 500 ಮುಟ್ಟಿದ ಜೋಡಿ ಗೆದ್ದ ಹಾಗೆ.

ಈಗ ಫಿನೆಸ್‌ಗೆ ಬರೋಣ. ನಿಮ್ಮ ಪಾರ್ಟ್ನರ್ ಒಂದು ಚಿಕ್ಕ ಡೈಮಂಡ್ ಇಳಿಸಿದರು. ನಿಮ್ಮ ಬಲಕ್ಕಿರುವ ಎದುರಾಳಿಯೂ ಚಿಕ್ಕದನ್ನೇ ಹಾಕಿದ. ಈಗ ನಿಮ್ಮ ಸರದಿ. ನಿಮ್ಮ ಹತ್ತಿರ ಡೈಮಂಡಿನ ಎಕ್ಕ ಇದೆ, ರಾಣಿ ಇದೆ. ಮಧ್ಯದ ರಾಜ ಇಲ್ಲ. ನಿಮ್ಮ ನಂತರ ಎಡಗಡೆಯ ಎದುರಾಳಿ ಆಡಬೇಕು. ಎಕ್ಕ ಹಾಕಿದರೆ ಈ ಟ್ರಿಕ್ ಖಂಡಿತ ನಿಮ್ಮದು, ಆದರೆ ಆಮೇಲೆ ರಾಣಿ ಅನಾಥ, ರಾಜ ಯಾವಾಗ ಬಂದು ನುಂಗುತ್ತೋ ಗೊತ್ತಿಲ್ಲ. ಅದರ ಬದಲು ರಾಣಿ ಹಾಕಿದರೆ? ರಾಜ ಎಡಗಡೆಯವನ ಕೈಲಿದ್ದರೆ ಟ್ರಿಕ್ ಹೋಯ್ತು. ಅವನ ಕೈಲಿ ಇಲ್ಲ ಅಂದ್ರೆ ರಾಣಿಯೇ ಗೆಲ್ಲುತ್ತೆ, ಎಕ್ಕ ಇನ್ನೂ ನಿಮ್ಮಲ್ಲೇ ಭದ್ರ. ಒಂದು ಟ್ರಿಕ್ ಆಗಬೇಕಿದ್ದ ಜಾಗದಲ್ಲಿ ಎರಡು. ದೊಡ್ಡದನ್ನು ಹಿಂದಿಟ್ಟು, ಅದಕ್ಕಿಂತ ಚಿಕ್ಕದನ್ನು ಮುಂದೆ ಬಿಟ್ಟು, ಕಾಣದ ಎಲೆ ಎಲ್ಲಿದೆ ಅನ್ನೋದರ ಮೇಲೆ ಪಣ ಕಟ್ಟೋದು. ಫಿನೆಸ್ ಅಂದ್ರೆ ಇಷ್ಟೇ.

ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ನಯ, ನಾಜೂಕು, ಸೂಕ್ಷ್ಮ ಅಂತೆಲ್ಲಾ ಅರ್ಥ. ಕನ್ನಡದಲ್ಲಿ ನಯದ ಬೆನ್ನಿಗೇ ‘ನಯವಂಚನೆ’ ಅನ್ನೋ ಪದವೂ ಅಂಟಿಕೊಂಡಿದೆ. ಈ ನಡೆಯ ಚರಿತ್ರೆಯಲ್ಲೂ ಆ ಎರಡರ ನಡುವಿನ ಗೆರೆ ಎಲ್ಲಿದೆ ಅನ್ನೋ ಜಗಳ ಇದ್ದೇ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಕಥೆ ಶುರುವಾಗೋದು 18ನೇ ಶತಮಾನದ ಲಂಡನ್ನಿನಲ್ಲಿ, ವಿಸ್ಟ್ ಅನ್ನೋ ಆಟದಿಂದ. ನಾಲ್ಕು ಜನ, ಎರಡು ಜೋಡಿ, 13 ಎಲೆ. ಸ್ಪೇಡ್ಸ್‌ನ ಅಜ್ಜ ಅಂತಲೇ ಹೇಳಬಹುದು. ಮೊದಮೊದಲು ಅದು ಹೋಟೆಲ್ ಜಗಲಿಯ ಆಟ, ದೊಡ್ಡ ಮನೆಯವರು ಮುಟ್ಟುತ್ತಿರಲಿಲ್ಲ. 1728ರ ಸುಮಾರಿಗೆ ಕ್ರೌನ್ ಕಾಫಿ ಹೌಸ್ ಅನ್ನೋ ಕಡೆ ಸೇರುತ್ತಿದ್ದ ಕುಲೀನರ ಗುಂಪೊಂದು ಅದನ್ನು ತಲೆ ಓಡಿಸಿ ಆಡೋಕೆ ಶುರು ಮಾಡಿತು ಅಂತಾರೆ. ಕಾಫಿ ಕುಡೀತಾ ಕೂತವರಿಗೆ ಹೊಸ ಹೊಸ ಐಡಿಯಾ ಬರೋದು ಬೆಂಗಳೂರಿನ ಸ್ಟಾರ್ಟಪ್ಪಿನವರು ಕಂಡುಹಿಡಿದದ್ದೇನಲ್ಲ.

1742ರಲ್ಲಿ ಎಡ್ಮಂಡ್ ಹಾಯ್ಲ್ ಅನ್ನುವ ಸುಮಾರು ಎಪ್ಪತ್ತು ವರ್ಷದ ವಿಸ್ಟ್ ಮೇಷ್ಟ್ರು ಈ ಆಟದ ಮೇಲೆ ಒಂದು ಸಣ್ಣ ಪುಸ್ತಕ ಹೊರತಂದ. ಬೆಲೆ ಒಂದು ಗಿನಿ. ಅಂದ್ರೆ 21 ಶಿಲ್ಲಿಂಗ್, ಆ ಕಾಲಕ್ಕೆ ಮೈ ಉರಿಯೋ ಬೆಲೆ. ಆದರೂ ಖರ್ಚಾಯಿತು. ಕೂಡಲೇ ಕಳ್ಳ ಮುದ್ರಣಗಳೂ ಬಂದವು. ಅಸಲಿ ಯಾವುದು ಅಂತ ಗೊತ್ತಾಗಲಿ ಅಂತ ಹಾಯ್ಲ್ ಪ್ರತಿಗಳಿಗೆ ಸಹಿ ಹಾಕಿ ಕೊಡಬೇಕಾಯಿತು.

ಹಾಯ್ಲ್‌ನ ಪುಸ್ತಕಗಳಲ್ಲಿ ಫಿನೆಸ್‌ಗೆ ಒಂದು ವಿವರಣೆ ಇದೆ. ಒಂದು ಜಾತಿಯ ಮೊದಲನೇ ದೊಡ್ಡ ಎಲೆ ಮತ್ತು ಮೂರನೇ ದೊಡ್ಡ ಎಲೆ ನಿಮ್ಮಲ್ಲಿದ್ದು ನೀವು ಮೂರನೆಯದನ್ನು ಹಾಕಿದರೆ, ಎರಡನೆಯದು ಆ ಎದುರಾಳಿಯ ಹತ್ತಿರ ಇಲ್ಲದಿರುವ ಸಾಧ್ಯತೆ ಎರಡಕ್ಕೆ ಒಂದು ಅಂತ ಅವನ ಲೆಕ್ಕ. ಮೊದಲ ಸಲ ಇದನ್ನು ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಇವತ್ತು ಬ್ರಿಡ್ಜ್ ಆಡುವ ಯಾರನ್ನೇ ಕೇಳಿ, ಮಾಮೂಲಿ ಫಿನೆಸ್ ಗೆಲ್ಲುವ ಸಾಧ್ಯತೆ ಶೇ. 50 ಅಂತಾರೆ. ಹಾಯ್ಲ್ ಲೆಕ್ಕದಲ್ಲಿ ಅದು ಮೂರರಲ್ಲಿ ಎರಡು, ಹತ್ತಿರ ಹತ್ತಿರ ಶೇ. 67. ಅದೇ ಎಕ್ಕ, ಅದೇ ರಾಣಿ, ಅದೇ 52 ಎಲೆ. ಹಾಗಾದ್ರೆ ತಪ್ಪು ಯಾರ ಲೆಕ್ಕ?

ಯಾರದ್ದೂ ತಪ್ಪಿಲ್ಲ. ನಿಮಗೆ ಕಾಣದ ಕೈಗಳು ಎಷ್ಟು ಅನ್ನೋದರ ಮೇಲೆ ಲೆಕ್ಕ ನಿಂತಿದೆ. ವಿಸ್ಟ್‌ನಲ್ಲಿ ನಿಮ್ಮ 13 ಎಲೆ ಬಿಟ್ಟರೆ ಉಳಿದ ಮೂವರದ್ದೂ ಮುಚ್ಚಿದ ಕೈ. ರಾಜ ಬಲಗಡೆಯವನಲ್ಲಿ ಇರಬಹುದು, ಎಡಗಡೆಯವನಲ್ಲಿ ಇರಬಹುದು, ನಿಮ್ಮ ಪಾರ್ಟ್ನರ್ ಹತ್ತಿರವೂ ಇರಬಹುದು. ಮೂರು ಮನೆಯಲ್ಲಿ ಒಂದೇ ಒಂದು ಮನೆ ನಿಮಗೆ ಅಪಾಯ. ಬ್ರಿಡ್ಜ್‌ನಲ್ಲಿ ಹಾಗಲ್ಲ, ಅಲ್ಲಿ ಪಾರ್ಟ್ನರ್ ಕೈ ಮೇಜಿನ ಮೇಲೆ ಬಿಚ್ಚಿ ಇಟ್ಟಿರುತ್ತೆ. ರಾಜ ಅಲ್ಲಿಲ್ಲ ಅಂತ ಕಣ್ಣಿಗೇ ಕಾಣುತ್ತೆ. ಉಳಿಯೋದು ಇಬ್ಬರು, ಅದರಲ್ಲಿ ಒಬ್ಬ ಅಪಾಯ. ಅರ್ಧಕ್ಕೆ ಅರ್ಧ. ಫಿನೆಸ್‌ನ ಚರಿತ್ರೆ ಅಂದ್ರೆ ಮೇಜಿನ ಮೇಲೆ ಏನನ್ನು ಮುಚ್ಚಿಟ್ಟರು, ಏನನ್ನು ತೆರೆದಿಟ್ಟರು ಅನ್ನೋದರ ಚರಿತ್ರೆ ಅಂತ ನನಗೆ ಅನ್ನಿಸಿದ್ದು ಇಲ್ಲೇ.

ಇದು ಬರೀ ಎಲೆಯಾಟದವರ ಗೀಳಾಗಿರಲಿಲ್ಲ. ಕಾಣದ್ದರ ಬಗ್ಗೆ ಲೆಕ್ಕ ಹಾಕೋದು ಹೇಗೆ ಅನ್ನೋದು ಆ ಕಾಲದ ದೊಡ್ಡ ಪ್ರಶ್ನೆ. 1754ರಲ್ಲಿ ಹಾಯ್ಲ್, ಬರೀ ಕೂಡಿಸಿ ಕಳೆಯೋದು ಬಲ್ಲವರಿಗೂ ಅರ್ಥವಾಗುವಂತೆ ಸಂಭವನೀಯತೆಯ ಮೇಲೆ ಒಂದು ಪುಸ್ತಕ ಬರೆದ. ಥಾಮಸ್ ಬೇಯ್ಸ್ ಅನ್ನೋ ಪಾದ್ರಿಯ ಪ್ರಬಂಧ ಅವನು ತೀರಿಕೊಂಡ ಮೇಲೆ 1763ರಲ್ಲಿ ಅಚ್ಚಾಯಿತು. ಹೊಸ ಸುಳಿವು ಸಿಕ್ಕ ಹಾಗೆಲ್ಲಾ ಹಳೆಯ ಅಂದಾಜನ್ನು ಹೇಗೆ ತಿದ್ದಿಕೊಳ್ಳಬೇಕು ಅನ್ನುವ ಆ ವಿಚಾರವೇ ಇವತ್ತು ನಿಮ್ಮ ಮೇಲ್‌ಬಾಕ್ಸಿನ ಸ್ಪ್ಯಾಮ್ ಫಿಲ್ಟರ್‌ವರೆಗೂ ಬಂದಿದೆ. ಚೆನ್ನಾಗಿ ಫಿನೆಸ್ ಆಡೋರು ಮೇಜಿನ ಮುಂದೆ ಕೂತು ಮಾಡೋದೂ ಅದೇ ಕೆಲಸ.

19ನೇ ಶತಮಾನದಲ್ಲಿ ವಿಸ್ಟ್ ಲಂಡನ್ನಿನ ಕ್ಲಬ್ಬುಗಳಿಗೆ ಹೋಯಿತು, ಗಂಭೀರವಾಯಿತು. ಹೆನ್ರಿ ಜೋನ್ಸ್ ಅನ್ನೋ ವೈದ್ಯ ‘ಕ್ಯಾವೆಂಡಿಶ್’ ಅನ್ನೋ ಹೆಸರಿನಲ್ಲಿ 1862ರಲ್ಲಿ ಪುಸ್ತಕ ಬರೆದು, ಒಂದು ಎಲೆ ಇಳಿಸೋದು ಅಂದ್ರೆ ಪಾರ್ಟ್ನರ್‌ಗೆ ಒಂದು ಮಾತು ಹೇಳಿದ ಹಾಗೆ ಅನ್ನೋದನ್ನ ಶಾಸ್ತ್ರ ಮಾಡಿದ. ಆಗ ಫಿನೆಸ್‌ಗೂ ಒಂದು ಮರ್ಯಾದೆ ಬಂತು. ಪಾರ್ಟ್ನರ್ ಇಳಿಸಿದ ಜಾತಿಯಲ್ಲಿ ಸುಮ್ಮಸುಮ್ಮನೆ ಫಿನೆಸ್ ಮಾಡಬಾರದು, ಎಕ್ಕ-ರಾಣಿ ಇದ್ದಾಗ ಮಾತ್ರ ಮಾಡಬಹುದು ಅನ್ನೋದು ಆ ಕಾಲದ ಒಪ್ಪಿತ ನೀತಿ. ಯಾಕಂದ್ರೆ ಅವರು ಆ ಜಾತಿ ಇಳಿಸಿದ್ದೇ ತಮ್ಮ ಬಲ ಅಲ್ಲಿದೆ ಅಂತ. ನೀವು ಅಲ್ಲಿ ಜಿಪುಣತನ ಮಾಡಿದರೆ ಅವರ ಯೋಜನೆ ಕೆಡುತ್ತೆ. ನಿಮ್ಮ ಜಾಣತನಕ್ಕೂ ಪಾರ್ಟ್ನರ್ ಮೇಲಿನ ನಂಬಿಕೆಗೂ ನಡುವೆ ಒಂದು ಲೆಕ್ಕಾಚಾರ ಇರಲೇಬೇಕಿತ್ತು.

ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಪತ್ತೇದಾರಿ ಕಥೆ ಅನ್ನೋ ಪ್ರಕಾರಕ್ಕೇ ಬುನಾದಿ ಹಾಕಿದ ಕಥೆ ಬರೆದನಲ್ಲ, ‘ದಿ ಮರ್ಡರ್ಸ್ ಇನ್ ದ ರ್‍ಯೂ ಮಾರ್ಗ್’, ಅದು ಶುರುವಾಗೋದೇ ಎಲೆಯಾಟದ ಚರ್ಚೆಯಿಂದ. ಚದುರಂಗಕ್ಕಿಂತ ವಿಸ್ಟ್‌ನಲ್ಲಿ ಬುದ್ಧಿಗೆ ಹೆಚ್ಚು ಕೆಲಸ ಅಂತ ಪೋ ವಾದ. ಅವನ ಪ್ರಕಾರ ನಿಜವಾದ ಆಟಗಾರ ಬರೀ ಎಲೆ ನೋಡಲ್ಲ. ಎದುರಿನವನ ಮುಖ, ಅವನು ಎಲೆ ಜೋಡಿಸುವ ರೀತಿ, ಟ್ರಿಕ್ ಎತ್ತಿಕೊಳ್ಳುವಾಗಿನ ಹುರುಪು, ಎಲ್ಲವನ್ನೂ ಓದುತ್ತಾನೆ. ಪತ್ತೇದಾರನಿಗೂ ಫಿನೆಸ್ ಆಡೋನಿಗೂ ಅಷ್ಟು ಹತ್ತಿರದ ಸಂಬಂಧ.

1890ರ ದಶಕದಲ್ಲಿ ಬ್ರಿಡ್ಜ್ ಬಂತು, ಅದರ ಜೊತೆ ಡಮ್ಮಿ ಬಂತು. ಆಡುವ ಜೋಡಿಯಲ್ಲಿ ಒಬ್ಬರು ತಮ್ಮ 13 ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಸುಮ್ಮನಾಗಬೇಕು. ಇನ್ನೊಬ್ಬರು ಎರಡೂ ಕೈ ಆಡುತ್ತಾರೆ. 1925ರಲ್ಲಿ ಹೆರಾಲ್ಡ್ ವ್ಯಾಂಡರ್ಬಿಲ್ಟ್ ಅನ್ನೋ ಅಮೆರಿಕದ ಸಿರಿವಂತ ಪನಾಮಾ ಕಾಲುವೆ ದಾಟುವ ಹಡಗಿನಲ್ಲಿ ಕಾಂಟ್ರ್ಯಾಕ್ಟ್ ಬ್ರಿಡ್ಜ್‌ನ ಅಂಕಪದ್ಧತಿಯನ್ನು ಗೆಳೆಯರ ಜೊತೆ ಆಡಿ ನೋಡಿದ. ಮುಂದಿನ ಆರೇಳು ವರ್ಷದಲ್ಲಿ ಅದೊಂದು ಹುಚ್ಚಾಗಿಬಿಟ್ಟಿತು. 1931ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಈಲೈ ಕಲ್ಬರ್ಟ್ಸನ್ ಮತ್ತು ಸಿಡ್ನಿ ಲೆನ್ಜ್ ನಡುವಿನ ಪಂದ್ಯವನ್ನು ಪತ್ರಿಕೆಗಳು ಕ್ರೀಡಾ ಸುದ್ದಿಯ ಹಾಗೆ ವರದಿ ಮಾಡಿದವು.

ಬ್ರಿಡ್ಜ್ ಮಹಾನ್ ಆಟ, ಅನುಮಾನವಿಲ್ಲ. ಆದರೆ ಡಮ್ಮಿ ಬಂದಾಗ ಫಿನೆಸ್‌ನ ಗುಣ ಬದಲಾಯಿತು. 26 ಎಲೆ ಕಣ್ಣ ಮುಂದೆ, ಆಡುವವರು ಒಬ್ಬರೇ. ಪಾರ್ಟ್ನರ್ ಏನು ಯೋಚಿಸುತ್ತಿದ್ದಾರೆ ಅಂತ ಆ ಕ್ಷಣಕ್ಕೆ ಯೋಚಿಸಬೇಕಿಲ್ಲ, ಅವರು ಎದ್ದು ಹೋಗಿ ಟೀ ತಂದರೂ ನಡೆಯುತ್ತೆ. ಇಬ್ಬರು ಸೇರಿ ಹೊರುತ್ತಿದ್ದ ಪಣ ಒಬ್ಬರ ಹೆಗಲಿಗೆ ಬಂತು.

ಇಷ್ಟರಲ್ಲಿ ಅಮೆರಿಕದಲ್ಲಿ ಸದ್ದಿಲ್ಲದೆ ಇನ್ನೊಂದು ಆಟ ಹುಟ್ಟಿತ್ತು. 1930ರ ದಶಕದ ಕೊನೆಯಲ್ಲಿ, ಓಹಾಯೋ ರಾಜ್ಯದ ಸಿನ್ಸಿನಾಟಿಯ ಕಡೆ ಸ್ಪೇಡ್ಸ್ ಶುರುವಾಯಿತು ಅಂತ ಸಾಮಾನ್ಯವಾಗಿ ಹೇಳ್ತಾರೆ. ಕಂಡುಹಿಡಿದವರ ಹೆಸರಿಲ್ಲ, ಹಡಗಿಲ್ಲ, ಪತ್ರಿಕೆಯವರಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜೇಬಿನಲ್ಲಿ ಕೂತು ಊರೂರು ತಿರುಗಿತು. ಬ್ಯಾರಕ್ಕಿಗೆ ಹೇಳಿ ಮಾಡಿಸಿದ ಆಟ ಅದು. ತುರುಪು ಯಾವುದು ಅಂತ ಹರಾಜು ಹಾಕುವ ರಗಳೆ ಇಲ್ಲ, ದಪ್ಪ ಪುಸ್ತಕ ಓದಬೇಕಿಲ್ಲ, ಮಧ್ಯೆ ಕರೆ ಬಂದರೆ ಎಲೆ ಮಡಿಸಿಟ್ಟು ಹೋಗಬಹುದು. ಯುದ್ಧ ಮುಗಿದ ಮೇಲೆ ಸರ್ಕಾರದ ನೆರವಿನಿಂದ ಓದೋಕೆ ಹೋದ ಮಾಜಿ ಸೈನಿಕರ ಜೊತೆ ಕಾಲೇಜುಗಳಿಗೂ ಹೋಯಿತು. ಕಪ್ಪು ಅಮೆರಿಕನ್ನರ ಮನೆಗಳಲ್ಲಿ ಹಬ್ಬ, ಕುಟುಂಬ ಕೂಟಗಳ ಭಾಗವೇ ಆಗಿಹೋಯಿತು. ಇವತ್ತಿಗೂ ಅಲ್ಲಿ ಸ್ಪೇಡ್ಸ್ ಬರಲ್ಲ ಅಂದ್ರೆ ಕಾಲೆಳೆಯುತ್ತಾರೆ.

ನನಗೆ ಸ್ವಾರಸ್ಯ ಅನ್ನಿಸೋದು ಇದು: ಸ್ಪೇಡ್ಸ್‌ನಲ್ಲಿ ಡಮ್ಮಿ ಇಲ್ಲ. ಮೂರು ಕೈಯೂ ಮುಚ್ಚಿವೆ. ಅಂದ್ರೆ ಹಾಯ್ಲ್‌ನ ಎರಡಕ್ಕೆ ಒಂದು ಲೆಕ್ಕ ಇನ್ನೂರು ವರ್ಷದ ನಂತರ ಬ್ಯಾರಕ್ಕಿನ ಟ್ರಂಕಿನ ಮೇಲೆ ಮತ್ತೆ ಜೀವ ಪಡೆಯಿತು. ಅದರ ಜೊತೆ ಹಾಯ್ಲ್‌ಗೆ ಸಿಗದಿದ್ದ ಒಂದು ಸುಳಿವೂ ಸೇರಿಕೊಂಡಿತು. ಅದೇ ಬಿಡ್.

ಮೊದಲಿನ ಎಕ್ಕ-ರಾಣಿಗೆ ವಾಪಸ್ ಬನ್ನಿ. ನೀವು 3 ಅಂದಿದ್ದೀರಿ, ಪಾರ್ಟ್ನರ್ 4, ಬಲಗಡೆಯವನು 1, ಎಡಗಡೆಯವನು 5. ದೊಡ್ಡ ಎಲೆಗಳು ಇರೋದು ದೊಡ್ಡ ಬಿಡ್ ಹೇಳಿದವರ ಹತ್ತಿರ. ಒರಟಾಗಿ ಬಿಡ್‌ಗೆ ತಕ್ಕಂತೆ ಹಂಚಿ ನೋಡಿದರೆ, ಉಳಿದ ಮೂವರ ಒಟ್ಟು ಹತ್ತರಲ್ಲಿ ಐದು ಪಾಲು ಎಡಗಡೆಯವನದು. ಮೂರರಲ್ಲಿ ಒಂದಿದ್ದ ಅಪಾಯ ಅರ್ಧಕ್ಕೆ ಏರಿತು. ಈಗ ಅದೇ ಬಿಡ್‌ಗಳನ್ನು ಅದಲು ಬದಲು ಮಾಡಿ. ಬಲಗಡೆಯವನು 5, ಎಡಗಡೆಯವನು 1. ಅಪಾಯ ಹತ್ತರಲ್ಲಿ ಒಂದಕ್ಕೆ ಇಳಿಯಿತು. ರಾಣಿಯನ್ನು ಧೈರ್ಯವಾಗಿ ಕಳಿಸಿ. ಇದು ಪಕ್ಕಾ ಗಣಿತ ಅಲ್ಲ, ಯಾಕಂದ್ರೆ ಬಿಡ್‌ನಲ್ಲಿ ತುರುಪಿನ ಲೆಕ್ಕವೂ ಸೇರಿರುತ್ತೆ. ಆದರೆ ಮೇಜಿನ ಮುಂದೆ ಹತ್ತು ಸೆಕೆಂಡಿನಲ್ಲಿ ಹಾಕಬಹುದಾದ ಅಂದಾಜು.

ಎಲೆ ಎಲ್ಲಿದೆ ಅನ್ನೋದು ಅರ್ಧ ಪ್ರಶ್ನೆ ಮಾತ್ರ. ಆ ಟ್ರಿಕ್ ನಿಮಗೆ ಎಷ್ಟು ಬೇಕು ಅನ್ನೋದು ಇನ್ನರ್ಧ. ನಿಮ್ಮ ಜೋಡಿಯ ಬಿಡ್ 7 ಅಂತಿಟ್ಟುಕೊಳ್ಳಿ. ಗೆದ್ದರೆ 70 ಬರುತ್ತೆ, ಸೋತರೆ 70 ಹೋಗುತ್ತೆ, ಒಟ್ಟು 140 ಅಂಕದ ವ್ಯತ್ಯಾಸ. ಆರು ಟ್ರಿಕ್ ಬಂದಿದೆ, ಎಕ್ಕ ಹಾಕಿದರೆ ಏಳನೆಯದು ಖಾತ್ರಿ ಅನ್ನುವಾಗ ರಾಣಿ ಹಾಕಿ ಎಂಟನೆಯದಕ್ಕೆ ಆಸೆ ಪಡೋದು ಹುಚ್ಚುತನ. ಎಂಟನೆಯದರ ಬೆಲೆ ಒಂದು ಅಂಕ, ಮೇಲೊಂದು ಬ್ಯಾಗ್. ಆದರೆ ನಿಮ್ಮ ಏಳು ಆಗಲೇ ಮುಗಿದು, ಆರು ಅಂದಿರುವ ಎದುರಾಳಿಗಳಿಗೆ ಉಳಿದದ್ದೆಲ್ಲಾ ಬೇಕೇ ಬೇಕು ಅನ್ನುವ ಸ್ಥಿತಿ ಇದ್ದರೆ, ಆ ಒಂದು ಹೆಚ್ಚಿನ ಟ್ರಿಕ್ ಅವರ 60ನ್ನು ಮೈನಸ್ 60 ಮಾಡುತ್ತೆ. ಅಲ್ಲಿ ಒಂದು ಬ್ಯಾಗಿಗೆ ಹೆದರೋದು ತಪ್ಪು. ಅದೇ ರಾಣಿಗೆ ಒಂದು ಕಡೆ ಒಂದು ಅಂಕದ ಬೆಲೆ, ಇನ್ನೊಂದು ಕಡೆ 120ರ ಬೆಲೆ.

ಮೂರನೆಯದು ಕಾಲದ ಪ್ರಶ್ನೆ. ಒಂದು ಜಾತಿಯಲ್ಲಿ 13 ಎಲೆ, ನಾಲ್ಕು ಕೈ. ಸರಾಸರಿ ತಲೆಗೆ ಮೂರೂಕಾಲು. ಹಾಗಾಗಿ ಒಂದು ಜಾತಿಯ ಮೊದಲೆರಡು ಸುತ್ತು ಸಾಮಾನ್ಯವಾಗಿ ಸುರಕ್ಷಿತ, ಮೂರನೆಯದರ ಹೊತ್ತಿಗೆ ಯಾರಾದರೊಬ್ಬರ ಹತ್ತಿರ ಆ ಜಾತಿ ಖಾಲಿಯಾಗಿ ಇಸ್ಪೀಟು ಬಂದು ಬೀಳುತ್ತೆ. ಹಾಗಾಗಿ ಎಕ್ಕವನ್ನು ಬಚ್ಚಿಟ್ಟುಕೊಂಡು ಕೂತರೆ ಅದೂ ತುರುಪಿಗೆ ಬಲಿ. ನಯ ಇರಬೇಕು, ಆದರೆ ನಯಕ್ಕೂ ಒಂದು ಕೊನೇ ದಿನಾಂಕ ಇದೆ.

ಈಗ ವಂಚನೆಯ ಮಾತು. ಫಿನೆಸ್‌ನ ಇಡೀ ಸೊಗಸು ನಿಂತಿರೋದು ರಾಜ ಎಲ್ಲಿದ್ದಾನೆ ಅಂತ ಗೊತ್ತಿಲ್ಲದಿರುವುದರ ಮೇಲೆ. ಅದು ಗೊತ್ತಾಗಿಬಿಟ್ಟರೆ? 1965ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ವಿಶ್ವ ಬ್ರಿಡ್ಜ್ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಷಪೀರೋ, ಎಲೆ ಹಿಡಿಯುವಾಗ ಬೆರಳುಗಳ ಮೂಲಕ ಆಟೀನಿನ ಎಲೆಗಳ ಸಂಖ್ಯೆ ತಿಳಿಸುತ್ತಿದ್ದರು ಅನ್ನೋ ಆರೋಪ ಬಂತು. ವಿಶ್ವ ಬ್ರಿಡ್ಜ್ ಒಕ್ಕೂಟ ತಪ್ಪಿತಸ್ಥರು ಅಂದಿತು. ಮರುವರ್ಷ ಬ್ರಿಟನ್ನಿನಲ್ಲೇ ನಡೆದ ವಿಚಾರಣೆ, ಆರೋಪ ಸಾಬೀತಾಗಿಲ್ಲ ಅಂದಿತು. ಇವತ್ತಿಗೂ ಎರಡೂ ಪಕ್ಷದಲ್ಲಿ ಜನ ಇದ್ದಾರೆ. 1975ರಲ್ಲಿ ಬರ್ಮುಡಾದಲ್ಲಿ ಪಾರ್ಟ್ನರ್‌ಗಳು ಒಬ್ಬರ ಮುಖ ಒಬ್ಬರು ನೋಡದಂತೆ ಮೇಜಿಗೆ ಅಡ್ಡ ಪರದೆ ತಂದರು. ಅಲ್ಲೇ ಕಾಲಿನಿಂದ ಸನ್ನೆ ಮಾಡಿದರು ಅನ್ನೋ ದೂರು ಬಂದು, ಮೇಜಿನ ಕೆಳಗೂ ಅಡ್ಡ ಇಡಬೇಕಾಯಿತು. ಪೋ ಹೊಗಳಿದ್ದ ಮುಖ ಓದುವ ಕಲೆಗೆ ಪರದೆ ಬಿತ್ತು.

ಗೆರೆ ಎಲ್ಲಿದೆ ಅಂತ ಹೇಳ್ತೀನಿ ಅಂದಿದ್ದೆನಲ್ಲ, ನನಗೆ ಕಂಡಿದ್ದು ಹೀಗೆ. ನಾನು ಆಡೋದು ಶನಿವಾರ ಸಂಜೆ, ಮೂವರು ಗೆಳೆಯರ ಜೊತೆ. ನನ್ನ ಪಾರ್ಟ್ನರ್ ಪುಕ್ಕಲ, ಯಾವಾಗಲೂ ಒಂದು ಕಮ್ಮಿ ಬಿಡ್ ಹೇಳ್ತಾನೆ. ಅವನ 3 ಅಂದ್ರೆ 4 ಅಂತ ನನಗೆ ಗೊತ್ತು, ಅದನ್ನು ಲೆಕ್ಕಕ್ಕೆ ಸೇರಿಸಿಯೇ ಫಿನೆಸ್ ಮಾಡ್ತೀನಿ. ಇದು ವಂಚನೆಯಾ? ಅಲ್ಲ, ಯಾಕಂದ್ರೆ ಅವನು ಪುಕ್ಕಲ ಅಂತ ಎದುರಿಗೆ ಕೂತ ಇಬ್ಬರಿಗೂ ಗೊತ್ತು, ಅದನ್ನೇ ಹಿಡಿದು ವಾರಕ್ಕೊಮ್ಮೆ ಅವನನ್ನು ರೇಗಿಸ್ತಾರೆ. ಮೇಜಿನ ಮೇಲೆ ಎಲ್ಲರಿಗೂ ಕಾಣುವ ಸುಳಿವನ್ನು ಎಲ್ಲರಿಗಿಂತ ಚೆನ್ನಾಗಿ ಓದಿದರೆ ಅದು ನಯ. ಮೇಜಿನ ಕೆಳಗಿಂದ ಸುಳಿವು ತಂದರೆ ಅದು ನಯವಂಚನೆ. 1960ರ ದಶಕದ ಕೊನೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಅಂದದ್ದೂ, ಬಿದ್ದ ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡೀಬೇಕು ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸಬೇಕು ಅನ್ನೋ ಕಾರಣಕ್ಕೇ. ಹಂಚಿಕೆ ಅದೃಷ್ಟದ್ದು, ಓದೋದು ನಮ್ಮದು.

ಫಿನೆಸ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸರಿಯಾಗಿ ಲೆಕ್ಕ ಹಾಕಿ ಆಡಿದರೂ ಹಾಯ್ಲ್‌ನ ಪ್ರಕಾರವೇ ಅದು ಮೂರರಲ್ಲಿ ಒಂದು ಸಲ ಸೋಲುತ್ತೆ. ಸೋತಾಗ ನೋಡೋಕೆ ಬಹಳ ಕೆಟ್ಟದಾಗಿರುತ್ತೆ. ಕೈಯಲ್ಲಿ ಎಕ್ಕ ಇಟ್ಟುಕೊಂಡು ರಾಣಿಯನ್ನು ಕಳೆದುಕೊಂಡ ಪೆದ್ದನ ಹಾಗೆ ಕಾಣುತ್ತೇವೆ. ಬ್ರಿಡ್ಜ್‌ನಲ್ಲಾದರೆ ತೀರ್ಮಾನ ನಿಮ್ಮೊಬ್ಬರದು, ನಾಚಿಕೆಯೂ ನಿಮ್ಮೊಬ್ಬರದು. ಸ್ಪೇಡ್ಸ್‌ನಲ್ಲಿ ಎದುರಿಗೆ ಒಬ್ಬರು ಕೂತಿರುತ್ತಾರೆ. ನಿಮ್ಮ ಕೈ ಅವರಿಗೆ ಕಾಣಲ್ಲ, ಆ ರಾಣಿ ಯಾಕೆ ಬಂತು ಅಂತ ಅವರಿಗೆ ತಿಳಿಯದು, ಆದರೆ ಅಂಕ ಮಾತ್ರ ಇಬ್ಬರದೂ ಹೋಗುತ್ತೆ. ಫಲಿತಾಂಶ ನೋಡಿ ತೀರ್ಮಾನವನ್ನು ಬೈಯೋದು ಸುಲಭ, ನಮ್ಮ ಆಫೀಸುಗಳಲ್ಲಿ ಅಪ್ರೈಸಲ್ ಹೊತ್ತಿಗೆ ದಿನಾ ನಡೆಯೋದೂ ಅದೇ. ರಾಜ ಎಡಗಡೆ ಇದ್ದ ಅನ್ನೋದು ಆಟ ಮುಗಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತೆ. ಆಡುವ ಹೊತ್ತಿಗೆ ಗೊತ್ತಿದ್ದದ್ದು ಮೂರು ಮುಚ್ಚಿದ ಕೈ ಮತ್ತು ನಾಲ್ಕು ಬಿಡ್ ಮಾತ್ರ.

ಹಾಗಾಗಿ ಪಾರ್ಟ್ನರ್ ಆರಿಸಿಕೊಳ್ಳುವಾಗ ಚೆನ್ನಾಗಿ ಆಡ್ತಾರಾ ಅಂತ ಮಾತ್ರ ನೋಡಬೇಡಿ. ನಿಮ್ಮ ರಾಣಿ ಸತ್ತ ದಿನ, ‘ಎಕ್ಕ ಯಾಕೆ ಹಾಕಲಿಲ್ಲ?’ ಅನ್ನೋ ಬದಲು, ‘ಎಡಗಡೆಯವನ ಬಿಡ್ ಎಷ್ಟಿತ್ತು?’ ಅಂತ ಕೇಳುವವರು ಸಿಕ್ಕಿದರೆ ಬಿಡಬೇಡಿ.